ಒಂದೇ ಮಷೀನ್‌ನಲ್ಲಿ ಎಲ್ಲ ಟೀ ಶರ್ಟ್‌ಗಳಿಗೂ ಪ್ರಿಂಟ್ ಹಾಕಬಹುದೇ? ಕೊಳ್ಳುವ ಮುನ್ನ ಇದನ್ನು ಓದಿ

"ಪ್ರಿಂಟರ್ ಮತ್ತು ಹೀಟ್ ಪ್ರೆಸ್ ಸೇರಿದ ಕಾಂಬೋ ಕೊಳ್ಳಿ. ಯಾವ ಬಟ್ಟೆಗಾದರೂ, ಯಾವ ಬಣ್ಣಕ್ಕಾದರೂ ಪ್ರಿಂಟ್ ಹಾಕಿ, ಮನೆಯಲ್ಲೇ ಕೂತು ಸಂಪಾದಿಸಿ." ಗಣೇಶ ಹಬ್ಬ, ರಾಜ್ಯೋತ್ಸವ ಹತ್ತಿರ ಬಂದಾಗ ಇಂಥ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ, "ಊರಿನ ಯುವಕ ಸಂಘದವರು ನವೆಂಬರ್ 1ಕ್ಕೆ 40 ಟೀ ಶರ್ಟ್ ಬೇಕು ಅಂತಿದ್ದಾರೆ. ಕಾಟನ್ನೇ ಆಗಬೇಕಂತೆ. ನಮ್ಮ ಮಹಿಳಾ ಸಂಘದಲ್ಲಿ ಸಾಲ ತಗೊಂಡು ಈ ಮಷೀನ್ ತರಬಹುದಾ?" ಎಂದು ಕೇಳಿದ್ದಾರೆ.

ವಿಡಿಯೊ ಪೂರ್ತಿ ಸುಳ್ಳಲ್ಲ. ಆದರೆ "ಯಾವ ಬಟ್ಟೆಗಾದರೂ" ಎಂಬ ಮಾತು ಸುಳ್ಳು. ದುಡ್ಡು ಮುಳುಗುವುದೂ ಅಲ್ಲೇ.

ಇಂಥ ಕಾಂಬೋಗಳಲ್ಲಿ ಸಾಮಾನ್ಯವಾಗಿ ಬರುವುದು ಸಬ್ಲಿಮೇಷನ್ ಪ್ರಿಂಟರ್. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ನೀರಾಗದೆಯೇ ಕರಗಿ ಹೋಗುವುದನ್ನು ನೋಡಿದ್ದೀರಲ್ಲ? ಘನವಾಗಿದ್ದದ್ದು ನೇರವಾಗಿ ಆವಿಯಾಗುವ ಆ ಕ್ರಿಯೆಯೇ ಸಬ್ಲಿಮೇಷನ್. ಚಿತ್ರವನ್ನು ಮೊದಲು ವಿಶೇಷ ಶಾಯಿಯಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷದಷ್ಟು ಹೊತ್ತು ಒತ್ತಿದರೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಗೆ ಸೇರಿಕೊಳ್ಳುತ್ತದೆ. ತಣ್ಣಗಾದ ಮೇಲೆ ಅಲ್ಲೇ ಉಳಿಯುತ್ತದೆ. ಬೆರಳಾಡಿಸಿದರೆ ಪ್ರಿಂಟ್ ಕೈಗೆ ಸಿಗುವುದೇ ಇಲ್ಲ, ಒಗೆದರೂ ಸುಲಭಕ್ಕೆ ಹೋಗುವುದಿಲ್ಲ. ಕ್ರಿಕೆಟ್ ಜೆರ್ಸಿಗೆ ಇದು ನಿಜಕ್ಕೂ ಒಳ್ಳೆಯ ವಿಧಾನ.

ಹತ್ತಿಯ ಎಳೆ ಈ ಬಣ್ಣವನ್ನು ಹಾಗೆ ಹಿಡಿದುಕೊಳ್ಳುವುದಿಲ್ಲ. ಪ್ರೆಸ್ ತೆಗೆದ ಕ್ಷಣದಲ್ಲಿ ಚಿತ್ರ ಕಾಣುತ್ತದೆ, ವಿಡಿಯೊದವರು ತೋರಿಸುವುದೂ ಅಷ್ಟೇ. ಒಗೆದ ಮೇಲೆ ಮಾಸಿಹೋಗುತ್ತದೆ. ಇನ್ನೊಂದು ಮಿತಿಯಿದೆ. ಈ ಶಾಯಿ ಪಾರದರ್ಶಕ, ಇದರಲ್ಲಿ ಬಿಳಿ ಬಣ್ಣವೇ ಇಲ್ಲ. ಹಳದಿ ಪಾಲಿಯೆಸ್ಟರ್ ಮೇಲೆ ಕೆಂಪು ಅಕ್ಷರ ಚೆನ್ನಾಗಿ ಮೂಡುತ್ತದೆ, ಆದರೆ ನೀಲಿ ಹಾಕಿದರೆ ಹಸಿರಿಗೆ ತಿರುಗುತ್ತದೆ. ಕಪ್ಪು ಬಟ್ಟೆಯ ಮೇಲೆ ಏನು ಹಾಕಿದರೂ ಕಾಣುವುದಿಲ್ಲ.

ಹಾಗಾಗಿ ಮಷೀನ್‌ಗಿಂತ ಮೊದಲು ಬಟ್ಟೆ ಯಾವುದೆಂದು ತಿಳಿಯಬೇಕು. ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಮಿಶ್ರ ಬಟ್ಟೆಯಲ್ಲಿ ಎರಡೂ ಲಕ್ಷಣ ಕಾಣಿಸಬಹುದು.

ಕಾಟನ್‌ಗೆ ಹಳೆಯ ಮತ್ತು ನಂಬಿಕೆಯ ದಾರಿ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಬಣ್ಣವನ್ನು ಎಳೆದು ಅಚ್ಚು ಹಾಕುವ ಪದ್ಧತಿ ಇದು. ಸಲಕರಣೆ ದುಬಾರಿಯಲ್ಲ, ಆದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ತಯಾರಾಗಬೇಕು. ಲೆಕ್ಕಕ್ಕೆಂದು ಒಂದು ಸ್ಕ್ರೀನ್‌ಗೆ 500 ರೂಪಾಯಿ ಇಟ್ಟುಕೊಳ್ಳೋಣ. ಮೂರು ಬಣ್ಣವೆಂದರೆ 1,500. ಹತ್ತೇ ಟೀ ಶರ್ಟ್ ಆದರೆ ತಲಾ 150 ರೂಪಾಯಿ ಸ್ಕ್ರೀನ್‌ಗೇ ಹೋಯಿತು. ನೂರಾದರೆ ಬರೀ 15. ಒಬ್ಬೊಬ್ಬರ ಹೆಸರೂ ಬೇರೆ ಬೇರೆ ಬರಬೇಕೆಂದರೆ ಈ ವಿಧಾನ ಕೈಕೊಡುತ್ತದೆ.

ಹತ್ತಿಪ್ಪತ್ತು ಶರ್ಟ್, ಹಲವು ಬಣ್ಣ, ಬಟ್ಟೆಯೂ ಕಪ್ಪೋ ಕೆಂಪೋ ಎಂದಾದರೆ ಈಗ ಹೆಚ್ಚು ಬಳಕೆಯಲ್ಲಿರುವುದು ಡಿಟಿಎಫ್. ಇದರಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅದರ ಮೇಲೆ ಬಿಳಿ ಶಾಯಿಯ ಪದರ ಕೊಟ್ಟು, ಅಂಟಿನ ಪುಡಿ ಉದುರಿಸಿ ಬಿಸಿ ಮಾಡುತ್ತಾರೆ. ಆಮೇಲೆ ಬಟ್ಟೆಯ ಮೇಲಿಟ್ಟು ಪ್ರೆಸ್. ಹತ್ತಿಗೂ ಪಾಲಿಯೆಸ್ಟರ್‌ಗೂ ಹಿಡಿಯುತ್ತದೆ. ಪ್ರಿಂಟ್ ಮಾತ್ರ ಮೈಮೇಲೆ ತೆಳ್ಳನೆಯ ರಬ್ಬರ್ ಹಾಳೆಯಂತೆ ಇರುತ್ತದೆ. ಎದೆ ತುಂಬ ದೊಡ್ಡ ಚಿತ್ರವಿದ್ದರೆ ಬೇಸಿಗೆಯಲ್ಲಿ ಸೆಕೆ, ನಮಗಂತೂ ಇಷ್ಟವಿಲ್ಲ.

ಹಾಗಾದರೆ ಡಿಟಿಎಫ್ ಪ್ರಿಂಟರ್ ಕೊಳ್ಳಬೇಕೇ? ವಾರಕ್ಕೊಂದು ಆರ್ಡರ್ ಬರುವವರಿಗೆ ಬೇಡ ಎನ್ನುತ್ತೇವೆ. ಬಿಳಿ ಶಾಯಿಯಲ್ಲಿರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಭಾರವಾದ ಪುಡಿ. ಪ್ರಿಂಟರ್ ಸುಮ್ಮನೆ ನಿಂತರೆ ಅದು ತಳಕ್ಕೆ ಕೂತು, ಹೆಡ್‌ನ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಆರ್ಡರ್ ಇಲ್ಲದ ದಿನವೂ ಓಡಿಸುತ್ತಿರಬೇಕು, ಶಾಯಿ ಖರ್ಚಾಗುತ್ತಿರಬೇಕು. ಹೆಡ್ ಹೋದರೆ ದೊಡ್ಡ ಖರ್ಚು. ಇದರ ಬದಲು ಚಿತ್ರ ಕಳುಹಿಸಿದರೆ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಮೀಟರ್ ಲೆಕ್ಕದಲ್ಲಿ ಕೊಡುವವರಿದ್ದಾರೆ. 24 ಇಂಚು ಅಗಲದ ಫಿಲ್ಮ್‌ನ ಒಂದು ಮೀಟರ್‌ನಲ್ಲಿ 7 ಇಂಚು ಅಗಲ, 10 ಇಂಚು ಎತ್ತರದ 9 ಚಿತ್ರಗಳು ಆರಾಮಾಗಿ ಕೂರುತ್ತವೆ. ನೀವು ಕೊಳ್ಳಬೇಕಾದದ್ದು ಹೀಟ್ ಪ್ರೆಸ್ ಒಂದೇ.

ಹೀಟ್ ಪ್ರೆಸ್‌ನಲ್ಲಿ ನೋಡಬೇಕಾದದ್ದು ಕಪ್, ಟೋಪಿ, ತಟ್ಟೆ ಎಂದು ಎಂಟು ಬಗೆ ಮಾಡುತ್ತದೆಯೇ ಎಂಬುದನ್ನಲ್ಲ. ಕಾದ ಮೇಲೆ ನಡುವೆಯೂ ನಾಲ್ಕು ಮೂಲೆಗಳಲ್ಲೂ ಶಾಖ ಒಂದೇ ಸಮ ಇದೆಯೇ, ಒತ್ತಡ ಎಲ್ಲೆಡೆ ಸಮನಾಗಿ ಬೀಳುತ್ತದೆಯೇ ಎಂಬುದನ್ನು. ಮೂಲೆಯಲ್ಲಿ ಶಾಖ ಕಡಿಮೆಯಾದರೆ ಪ್ರಿಂಟ್ ಏಳುವುದೂ ಅಲ್ಲಿಂದಲೇ. ಇಸ್ತ್ರಿ ಪೆಟ್ಟಿಗೆ ಸಾಕು ಎಂಬ ಫಾರ್ವರ್ಡ್ ಸೋಲುವುದೂ ಇದೇ ಕಾರಣಕ್ಕೆ. ವ್ಯಾಟ್ ಎಷ್ಟೆಂದೂ ನೋಡಿ. ಮನೆಯ 6 ಆಂಪಿಯರ್ ಪ್ಲಗ್ ತಡೆಯುವುದು 230 ವೋಲ್ಟ್‌ಗೆ ಸುಮಾರು 1,380 ವ್ಯಾಟ್. ಅದಕ್ಕಿಂತ ಹೆಚ್ಚಿನ ಪ್ರೆಸ್‌ಗೆ ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್ ಪಾಯಿಂಟ್ ಬೇಕು.

ರಾಜ್ಯೋತ್ಸವದ ಆರ್ಡರ್ ಹಿಡಿಯುವವರಿಗೆ ಒಂದು ಮಾತು: ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಅಕ್ಷರ ಹಾಕಿದರೆ ಕೆಲವು ಸಲ ಮಾರನೇ ದಿನಕ್ಕೆ ಅದು ಗುಲಾಬಿಯಾಗುತ್ತದೆ. ಬಟ್ಟೆಯಲ್ಲಿದ್ದ ಕೆಂಪು ಬಣ್ಣವೇ ಶಾಖಕ್ಕೆ ಎದ್ದು ಬಿಳಿಗೆ ಸೇರುತ್ತದೆ. ಮೊದಲು ಒಂದು ಶರ್ಟ್‌ಗೆ ಹಾಕಿ, ಎರಡು ದಿನ ಕಾದು ನೋಡಿ.

ಉಪ್ಪು ನೀರಲ್ಲೋ ವಿನೆಗರ್‌ನಲ್ಲೋ ನೆನೆಸಿದರೆ ಪ್ರಿಂಟ್ ಗಟ್ಟಿಯಾಗುತ್ತದೆ ಎಂಬುದೂ ಸುಳ್ಳು. ಹತ್ತಿಗೆ ಬಣ್ಣ ಅದ್ದುವಾಗ ಉಪ್ಪಿಗೆ ಕೆಲಸವಿದೆ. ಆದರೆ ಡಿಟಿಎಫ್ ಅಂಟು ಹಿಡಿಯುವುದು ಶಾಖ, ಒತ್ತಡಗಳಿಂದ.

ನಮ್ಮ ಓದುಗರಿಗೆ ಹೇಳಿದ್ದು ಇಷ್ಟು: 40 ಶರ್ಟ್‌ಗೂ ಒಂದೇ ಚಿತ್ರ, ಒಂದೆರಡೇ ಬಣ್ಣ ಇದ್ದರೆ ಈ ಸಲ ಹತ್ತಿರದ ಸ್ಕ್ರೀನ್ ಪ್ರಿಂಟಿಂಗ್‌ನವರಿಗೆ ಕೊಟ್ಟು ನಿಮ್ಮ ಲಾಭ ಇಟ್ಟುಕೊಳ್ಳಿ. ಸಾಲ ಈಗಲೇ ಬೇಡ. ಮುಂದೆಯೂ ಆರ್ಡರ್ ಬಂದರೆ ಹೀಟ್ ಪ್ರೆಸ್ ಮಾತ್ರ ನೋಡಿ. ಕಾಂಬೋ ಮಾರುವವರು ಮತ್ತೆ ಕರೆದರೆ ನಿಮ್ಮದೇ ಒಂದು ಕಪ್ಪು ಕಾಟನ್ ಟೀ ಶರ್ಟ್ ತಗೊಂಡು ಹೋಗಿ, ಎದುರಿಗೇ ಪ್ರಿಂಟ್ ಹಾಕಿಸಿ. ಮನೆಗೆ ತಂದು ಐದು ಸಲ ಒಗೆಯುವವರೆಗೆ ಮುಂಗಡ ಕೊಡಬೇಡಿ.