ವೀರನ ತಲೆಗೆ ಬಿದ್ದ ಪೆಟ್ಟು



ನಮ್ಮ ಪ್ಲೇನ್ಸ್‌ಬರೋದಲ್ಲಿ ನಿಜವಾದ ಆಸ್ಪತ್ರೆಗಿಂತ ಮೊದಲು ಪ್ರಸಿದ್ಧಿಗೆ ಬಂದದ್ದು ಕಲ್ಪನೆಯ ಆಸ್ಪತ್ರೆ. 2004ರಲ್ಲಿ ಆರಂಭವಾದ ‘ಹೌಸ್’ ಎಂಬ ದೂರದರ್ಶನ ಧಾರಾವಾಹಿಯ ವೈದ್ಯರು ದುಡಿದದ್ದು ‘ಪ್ರಿನ್ಸ್‌ಟನ್-ಪ್ಲೇನ್ಸ್‌ಬರೋ’ ಎಂಬ, ಎಲ್ಲಿಯೂ ಇಲ್ಲದ ಆಸ್ಪತ್ರೆಯಲ್ಲಿ. ಆ ಧಾರಾವಾಹಿ ಮುಕ್ತಾಯವಾದ 2012ರ ಮೇ ತಿಂಗಳಿನಲ್ಲಿಯೇ ಪ್ರಿನ್ಸ್‌ಟನ್ನಿನ ಆಸ್ಪತ್ರೆ ಇಲ್ಲಿಗೆ ಸ್ಥಳಾಂತರಗೊಂಡಿತು. ಕಥೆಯ ವೈದ್ಯವೂ ನಿಜದ ವೈದ್ಯವೂ ನೆರೆಹೊರೆಯಾಗಿರುವ ಈ ಊರಿನಲ್ಲಿ, ನಮ್ಮ ಮಕ್ಕಳು ಓದುವ ಕಾಮಿಕ್ಸ್‌ಗಳಲ್ಲಿ ವೈದ್ಯಕೀಯ ಸತ್ಯ ಎಷ್ಟಿದೆಯೆಂದು ವಿಚಾರಿಸುವುದು ಅನುಚಿತವಾಗಲಾರದು.

ಎಲ್ಲವನ್ನೂ ಒರೆಗೆ ಹಚ್ಚಬೇಕಾಗಿಲ್ಲ. 1962ರಲ್ಲಿ ಜನ್ಮ ತಳೆದ ಇಬ್ಬರು ವೀರರಲ್ಲಿ ಸ್ಪೈಡರ್‌ಮ್ಯಾನನಿಗೆ ಜೇಡದ ಕಡಿತದಿಂದ ಶಕ್ತಿ ಬಂದಿತು. ಹಲ್ಕನಿಗೆ ಗಾಮಾ ಕಿರಣಗಳಿಂದ. ಅತಿಯಾದ ಗಾಮಾ ಕಿರಣ ನಿಜವಾಗಿ ಅಸ್ಥಿಮಜ್ಜೆಯನ್ನು ನಾಶಮಾಡುತ್ತದೆಯೇ ಹೊರತು ಸ್ನಾಯುಗಳನ್ನು ಬೆಳೆಸುವುದಿಲ್ಲ. ಆದರೆ ಇವು ಅದ್ಭುತಗಳೆಂಬುದು ಮಕ್ಕಳಿಗೂ ಗೊತ್ತು. ಅಪಾಯವಿರುವುದು ಸಹಜವೆಂಬಂತೆ ತೋರುವ ಸುಳ್ಳಿನಲ್ಲಿ: ತಲೆಗೆ ಪೆಟ್ಟು ಬಿದ್ದು ಮೂರ್ಛೆ ಹೋದ ವೀರನು ಮುಂದಿನ ಪುಟದಲ್ಲಿ ನಿದ್ದೆಯಿಂದೆದ್ದವನಂತೆ ಎದ್ದು ಮತ್ತೆ ಹೋರಾಡುತ್ತಾನೆ.

ಕಾಮಿಕ್ಸ್‌ಗಳು ಸತ್ಯ ನುಡಿದ ಉದಾಹರಣೆಯೂ ಉಂಟು. 1973ರ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೆಯ ಸಂಚಿಕೆಯಲ್ಲಿ, ನಾವು ನ್ಯೂಯಾರ್ಕಿಗೆ ಹೋಗುವಾಗ ದಾಟುವ ಜಾರ್ಜ್ ವಾಷಿಂಗ್ಟನ್ ಸೇತುವೆಯಿಂದ (ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆ!) ಗ್ವೆನ್ ಸ್ಟೇಸಿ ಕೆಳಗೆ ಬೀಳುತ್ತಾಳೆ. ನಾಯಕನು ಬಲೆಯೆಸೆದು ಆಕೆಯ ಕಾಲನ್ನು ಹಿಡಿದು ನಿಲ್ಲಿಸುತ್ತಾನೆ. ಆದರೂ ಆಕೆ ಬದುಕುವುದಿಲ್ಲ. ಹಠಾತ್ತನೆ ನಿಂತ ರಭಸಕ್ಕೆ ಕತ್ತು ಮುರಿಯಿತೆಂಬುದು ಅನಂತರ ಸಂಪಾದಕರು ಕೊಟ್ಟ ವಿವರಣೆ. 20 ಮೀಟರು ಬೀಳುವಷ್ಟರಲ್ಲಿಯೇ ದೇಹದ ವೇಗ ಗಂಟೆಗೆ ಸುಮಾರು 70 ಕಿಲೋಮೀಟರು ಮುಟ್ಟುತ್ತದೆ. ಕೊಲ್ಲುವುದು ಬೀಳುವಿಕೆಯಲ್ಲ, ಥಟ್ಟನೆ ನಿಲ್ಲುವಿಕೆ.

ಇದೇ ನಿಯಮ ಮೆದುಳಿಗೂ ಅನ್ವಯಿಸುತ್ತದೆ. ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೃದುವಾದ ಮೆದುಳು, ತಲೆ ಥಟ್ಟನೆ ನಿಂತಾಗಲೂ ತಿರುಗಿದಾಗಲೂ ಅಲುಗಾಡುತ್ತದೆ, ಹಿಗ್ಗಿ ಎಳೆಯಲ್ಪಡುತ್ತದೆ. ವೈದ್ಯರು ಕನ್ಕಷನ್ ಎನ್ನುವ ಈ ಆಘಾತವಾಗಲು ಮೂರ್ಛೆ ಹೋಗಲೇಬೇಕೆಂದಿಲ್ಲ. ಬಹುಪಾಲು ಮಂದಿಗೆ ಎಚ್ಚರ ತಪ್ಪುವುದೇ ಇಲ್ಲ. ಕಾಮಿಕ್ಸ್‌ನಲ್ಲಿರುವಂತೆ ಬಹಳ ಹೊತ್ತು ಎಚ್ಚರ ತಪ್ಪಿದ್ದರಂತೂ ಅದು ತುರ್ತುಸ್ಥಿತಿ. ಕೆಲವೊಮ್ಮೆ ಪೆಟ್ಟು ತಿಂದವರು ಚೆನ್ನಾಗಿ ಮಾತನಾಡುತ್ತಿದ್ದು, ಬುರುಡೆಯೊಳಗಿನ ರಕ್ತಸ್ರಾವದಿಂದ ಕೆಲವು ಗಂಟೆಗಳ ಬಳಿಕ ಕುಸಿಯುವುದೂ ಉಂಟು.

ಆದ್ದರಿಂದ, ಸಾಕರ್ ಆಡಿ ಬಂದ ಮಗುವಿಗೆ ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಎಬ್ಬಿಸಿದರೂ ಏಳದಿದ್ದರೆ, ತಡಮಾಡದೆ 911ಕ್ಕೆ ಕರೆ ಮಾಡಬೇಕು. ಲಕ್ಷಣಗಳು ಸೌಮ್ಯವಾಗಿದ್ದರೂ ಅಂದಿನ ಆಟ ಅಲ್ಲಿಗೇ ನಿಲ್ಲಬೇಕು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯ ಪೆಟ್ಟು ಹೆಚ್ಚು ಅಪಾಯಕಾರಿ. ನ್ಯೂಜೆರ್ಸಿಯ 2010ರ ಕಾನೂನು ಹೇಳುವುದೂ ಇದನ್ನೇ: ಕನ್ಕಷನ್ ಆಗಿರುವ ಸಂದೇಹವಿದ್ದ ಶಾಲಾ ಕ್ರೀಡಾಪಟುವನ್ನು ಕೂಡಲೇ ಆಟದಿಂದ ಹೊರಗಿರಿಸಬೇಕು, ಲಿಖಿತ ವೈದ್ಯಕೀಯ ಅನುಮತಿಯಿಲ್ಲದೆ ಮತ್ತೆ ಆಡಿಸಬಾರದು.

ತಂಡದಲ್ಲಿ ಸ್ಥಾನ ತಪ್ಪೀತೆಂದು ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಸಹಿಸುವುದೇ ಶೌರ್ಯವೆಂದು ಅವರ ವೀರರು ಅವರಿಗೆ ಕಲಿಸಿದ್ದಾರೆ. ಇದಕ್ಕೆ ಕಾಮಿಕ್ಸ್‌ಗಳನ್ನು ಕಸಿದುಕೊಳ್ಳುವುದು ಪರಿಹಾರವಲ್ಲ. ಅವರೊಡನೆ ಕುಳಿತು ಓದಿ, ‘ಇವನು ನಿಜವಾಗಿ ಏಳಬಲ್ಲನೇ?’ ಎಂದು ಕೇಳಿದರೆ ಸಾಕು. ಜೊತೆಗೆ ನಮ್ಮ ರಾಮಾಯಣವನ್ನೂ ನೆನಪಿಸಬಹುದು. ಯುದ್ಧಭೂಮಿಯಲ್ಲಿ ಲಕ್ಷ್ಮಣನು ಮೂರ್ಛಿತನಾಗಿ ಬಿದ್ದಾಗ ‘ಎದ್ದು ಯುದ್ಧಮಾಡು’ ಎಂದು ಯಾರೂ ಹೇಳಲಿಲ್ಲ. ಸುಷೇಣನು ಬಂದು ನೋಡಿದನು. ಹನುಮಂತನು ಔಷಧಿಗಾಗಿ ಪರ್ವತವನ್ನೇ ಹೊತ್ತು ತಂದನು. ವೀರನಿಗೂ ವೈದ್ಯನು ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.