ಹನ್ನೆರಡು ಜನರ ಲೀಗಿಗೆ ಎಪ್ಪತ್ತೈದು ಪರ್ಸೆಂಟ್ ಯಾಕೆ ಸಾಲಲ್ಲ

ಹೋದ ಸೆಮಿಸ್ಟರ್ ಕೊನೆಯಲ್ಲಿ ನಮ್ ಹಾಸ್ಟೆಲ್ ಬ್ಲಾಕಿನ ಇಬ್ಬರು ಹತ್ತು ದಿನ ಮಾತು ಬಿಟ್ಟಿದ್ರು. ಕಾರಣ ದುಡ್ಡಲ್ಲ, ಹುಡುಗಿ ಅಲ್ಲ, ಲ್ಯಾಬ್ ರೆಕಾರ್ಡ್ ಕಾಪಿ ಮಾಡಿದ್ದೂ ಅಲ್ಲ. ಒಬ್ಬ ಬೇಸ್‌ಬಾಲ್ ಆಟಗಾರ. ಅದೂ ಈ ಭೂಮಿ ಮೇಲೆ ಹುಟ್ಟೇ ಇರದ ಆಟಗಾರ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. 'ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್' ಅಂತ ಒಂದು ಕಂಪ್ಯೂಟರ್ ಗೇಮ್ ಇದೆ. ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಇದನ್ನ ಮಾಡಿದ್ದು, ಮೊದಲ ಆವೃತ್ತಿ ಬಂದಿದ್ದು 1999ರಲ್ಲಿ. ಇದರಲ್ಲಿ ನಾವು ಬ್ಯಾಟ್ ಬೀಸೋದಿಲ್ಲ. ತಂಡ ಕಟ್ಟೋದು, ಆಟಗಾರರನ್ನ ಕೊಳ್ಳೋದು, ಮಾರೋದು ಮಾತ್ರ ನಮ್ಮ ಕೆಲಸ. ಪಂದ್ಯವನ್ನ ಗೇಮೇ ಲೆಕ್ಕ ಹಾಕಿ ಆಡಿಸುತ್ತೆ. ಪ್ರತಿ ಆಟಗಾರನಿಗೂ ಒಳಗೊಂದಿಷ್ಟು ರೇಟಿಂಗ್ ಇರುತ್ತೆ, ಅದರ ಮೇಲೆ ರಾಂಡಮ್ ನಂಬರ್ ಓಡುತ್ತೆ, ಹೊರಗೆ ಸ್ಕೋರ್ ಬೀಳುತ್ತೆ. ಕಂಪ್ಯೂಟರ್‌ಗಿಂತ ಮುಂಚೆ ಅಮೆರಿಕದ ಹುಡುಗರು ಇದನ್ನೇ ಕಾರ್ಡು, ದಾಳ ಇಟ್ಟುಕೊಂಡು ಆಡ್ತಿದ್ರು. 'ಸ್ಟ್ರ್ಯಾಟ್-ಒ-ಮ್ಯಾಟಿಕ್' ಅನ್ನೋ ಅಂಥ ಆಟ 1961ರಿಂದ ಇದೆ.

ನಮ್ಮ ಲೀಗಿನಲ್ಲಿ 12 ತಂಡ, 12 ಓನರ್‌ಗಳು. ಒಬ್ಬ ಸೀನಿಯರ್ ಕಮಿಷನರ್, ಅವನ ಲ್ಯಾಪ್‌ಟಾಪೇ ನಮ್ಮ ಸ್ಟೇಡಿಯಂ. ಒಂದು ಸೀಸನ್ ಎರಡು ವಾರದಲ್ಲಿ ಮುಗಿಯೋದ್ರಿಂದ ನಾನು ಹುಡುಗನಾಗಿ ಕೊಂಡುಕೊಂಡ ಆಟಗಾರರು ನನ್ನ ಎರಡನೇ ಇಂಟರ್ನಲ್ಸ್ ಹೊತ್ತಿಗೆ ಮುದುಕರಾಗಿ ರಿಟೈರ್ ಆಗ್ತಿದ್ರು. ರಿಟೈರ್ ಆದವರಲ್ಲಿ ದೊಡ್ಡವರು ಯಾರು ಅಂತ ಆರಿಸೋಕೆ ಒಂದು ಹಾಲ್ ಆಫ್ ಫೇಮ್ ಬೇಕು ಅನ್ನಿಸ್ತು. ಆಗ ನಮ್ಮ ಕಮಿಷನರ್ ಎಲ್ಲ ಎಂಜಿನಿಯರ್‌ಗಳೂ ಮಾಡೋದನ್ನೇ ಮಾಡಿದ. ಅಮೆರಿಕದ ಅಸಲಿ ನಿಯಮಗಳನ್ನ ಕಾಪಿ ಪೇಸ್ಟ್ ಮಾಡಿದ. ಇಡೀ ಗಲಾಟೆ ಶುರುವಾಗಿದ್ದು ಅಲ್ಲಿಂದ.

ಅಸಲಿ ಹಾಲ್ ಇರೋದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಸಣ್ಣ ಊರಲ್ಲಿ. ಮೊದಲ ಓಟಿಂಗ್ ನಡೆದಿದ್ದು 1936ರಲ್ಲಿ. ಓಟು ಹಾಕೋರು ಹತ್ತು ವರ್ಷ ಅನುಭವ ಇರೋ ಬೇಸ್‌ಬಾಲ್ ಪತ್ರಕರ್ತರು. ಆಟಗಾರ ಕನಿಷ್ಠ ಹತ್ತು ಸೀಸನ್ ಆಡಿರಬೇಕು, ರಿಟೈರ್ ಆಗಿ ಐದು ವರ್ಷ ಕಳೆದಿರಬೇಕು. ಶೇಕಡ 75 ಓಟು ಬಂದ್ರೆ ಒಳಗೆ. ಶೇಕಡ 5ಕ್ಕಿಂತ ಕಡಿಮೆ ಬಂದ್ರೆ ಪಟ್ಟಿಯಿಂದಲೇ ಹೊರಗೆ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಒಟ್ಟು ಹತ್ತು ವರ್ಷ ಅವಕಾಶ. 2014ಕ್ಕೆ ಮುಂಚೆ ಅದು ಹದಿನೈದಿತ್ತು.

ಅಲ್ಲಿ ಇದು ಎಷ್ಟು ಬಿಗಿ ಅಂದ್ರೆ, ಮೊದಲ ವರ್ಷ 226 ಜನರಲ್ಲಿ 11 ಜನ ಬೇಬ್ ರೂತ್‌ಗೇ ಓಟು ಹಾಕಲಿಲ್ಲ. ನಮ್ಮ ಕಡೆ ಬ್ರಾಡ್‌ಮನ್‌ಗೆ ಓಟು ಹಾಕದೇ ಇದ್ದ ಹಾಗೆ. ನೂರಕ್ಕೆ ನೂರು ಪಡೆದ ಮೊದಲನೆಯವನು ಮಾರಿಯಾನೊ ರಿವೆರಾ, ಅದೂ 2019ರಲ್ಲಿ. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್, ಸ್ಟೀರಾಯ್ಡ್ ಆರೋಪದ ನೆರಳಿನಲ್ಲಿ, ಹತ್ತನೇ ಹಾಗೂ ಕೊನೇ ವರ್ಷವಾದ 2022ರಲ್ಲಿ ಶೇಕಡ 66ಕ್ಕೆ ನಿಂತುಬಿಟ್ಟ.

ಈಗ ನಮ್ಮ ಜಗಳಕ್ಕೆ ಬರೋಣ. ಪಕ್ಕದ ರೂಮಿನವನ ತಂಡದಲ್ಲಿ ಒಬ್ಬ ಪಿಚರ್ ಇದ್ದ. ಪಿಚರ್ ಅಂದ್ರೆ ನಮ್ಮ ಬೌಲರ್ ಅಂದ್ಕೊಳ್ಳಿ. ಐದಾರು ಸೀಸನ್ ಅವನನ್ನ ಯಾರಿಗೂ ಮುಟ್ಟೋಕೆ ಆಗ್ತಿರಲಿಲ್ಲ. ಆಮೇಲೆ ಮೊಣಕೈ ಗಾಯ ಅಂತ ಗೇಮ್ ಒಂದು ಸಾಲಿನ ಮೆಸೇಜ್ ತೋರಿಸ್ತು. ಅಲ್ಲಿಗೆ ಅವನ ಕಥೆ ಮುಗೀತು. ಹತ್ತು ಸೀಸನ್ನಿನ ಲೆಕ್ಕ ಹೇಗೋ ತುಂಬಿತ್ತು, ಆದ್ರೆ ಒಟ್ಟು ಗೆಲುವು ಕಡಿಮೆ. ಓಟಿಂಗ್‌ನಲ್ಲಿ 12ಕ್ಕೆ 8 ಬಂತು, ಬೇಕಿದ್ದಿದ್ದು 9. "ಲೇ ಮಗಾ, ನೀನು ಒಂದು ಓಟು ಹಾಕಿದ್ರೆ ಆಗ್ತಿತ್ತಲ್ಲೋ" ಅಂತ ಅವನು ಕೇಳಿದ್ದು ನನ್ನ ರೂಮ್‌ಮೇಟನ್ನ. "ನಿನ್ನ ಓಟು ತೆಗೆದ್ರೆ ಬಂದಿರೋದು ಏಳೇ" ಅಂದ ಇವನು. ಅಲ್ಲಿಂದ ಹತ್ತು ದಿನ ಮೌನ.

ಐದು ವರ್ಷದ ಮಿಂಚು ದೊಡ್ಡದಾ, ಇಪ್ಪತ್ತು ವರ್ಷದ ದುಡಿಮೆ ದೊಡ್ಡದಾ ಅನ್ನೋದು ಅಸಲಿ ಬೇಸ್‌ಬಾಲಿನಲ್ಲೂ ಹಳೇ ಪ್ರಶ್ನೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ ಗೆದ್ದಿದ್ದು ಬರೀ 165 ಪಂದ್ಯ. ಆದ್ರೆ 1962ರಿಂದ 66ರವರೆಗೆ ಐದೂ ವರ್ಷ ಅವನ ಲೀಗಿನಲ್ಲಿ ಅತಿ ಕಡಿಮೆ ರನ್ ಸರಾಸರಿ ಅವನದೇ. ಮೊಣಕೈ ಸಂಧಿವಾತದಿಂದ 30ನೇ ವಯಸ್ಸಿಗೆ ಬಿಟ್ಟ, 1972ರಲ್ಲಿ ಮೊದಲ ಸಲಕ್ಕೇ ಹಾಲ್ ಸೇರಿದ. ಅವನು ಕೊನೆಯದಾಗಿ ಆಡಿದ 1966ರಲ್ಲೇ ಅದೇ ತಂಡಕ್ಕೆ ಹೊಸದಾಗಿ ಬಂದವನು ಡಾನ್ ಸಟನ್. ಅವನು ಒಂದು ಸೀಸನ್ನಿನಲ್ಲಿ 20 ಪಂದ್ಯ ಗೆದ್ದಿದ್ದು ಒಂದೇ ಸಲ. ಆದ್ರೂ ಬಿಡದೆ ಎಸೆದೂ ಎಸೆದೂ 324 ಗೆದ್ದ, 1998ರಲ್ಲಿ ಐದನೇ ಪ್ರಯತ್ನಕ್ಕೆ ಒಳಗೆ ಬಂದ. ಇಬ್ಬರೂ ಒಂದೇ ಗೋಡೆ ಮೇಲಿದ್ದಾರೆ. ಇನ್ನೊಂದು ಕಡೆ ಯೋಹಾನ್ ಸಂಟಾನ ಅನ್ನೋ ಪಿಚರ್, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿಯನ್ನ ಎರಡು ಸಲ ಪಡೆದವನು, 139 ಗೆಲುವಿಗೆ ಗಾಯದಿಂದ ನಿಂತ. 2018ರಲ್ಲಿ ಅವನಿಗೆ ಬಂದಿದ್ದು ಶೇಕಡ 2.4. ಮೊದಲ ವರ್ಷವೇ ಪಟ್ಟಿಯಿಂದ ಔಟ್. ನನಗೆ ಇದು ಇವತ್ತಿಗೂ ಅನ್ಯಾಯ ಅನ್ಸುತ್ತೆ.

ಇದಕ್ಕೊಂದು ಸೂತ್ರ ಹುಡುಕಿದವರೂ ಇದ್ದಾರೆ. ಜೇ ಜಾಫಿ ಅನ್ನೋ ಬರಹಗಾರ 'ಜಾಸ್' ಅಂತ ಒಂದು ಅಳತೆ ಮಾಡಿದ. ಒಬ್ಬ ಮಾಮೂಲಿ ಬದಲಿ ಆಟಗಾರನಿಗಿಂತ ಇವನಿಂದ ತಂಡಕ್ಕೆ ಎಷ್ಟು ಗೆಲುವು ಜಾಸ್ತಿ ಬಂತು ಅಂತ ಮೊದಲು ಲೆಕ್ಕ ಹಾಕ್ತಾರೆ. ಇಡೀ ವೃತ್ತಿಯ ಮೊತ್ತ ಒಂದು, ಅತ್ಯುತ್ತಮ ಏಳು ವರ್ಷಗಳ ಮೊತ್ತ ಇನ್ನೊಂದು, ಎರಡರ ಸರಾಸರಿಯೇ ಜಾಸ್. ಅದನ್ನ ಅದೇ ಸ್ಥಾನದಲ್ಲಿ ಆಡಿ ಹಾಲ್ ಸೇರಿರೋರ ಸರಾಸರಿ ಜೊತೆ ಹೋಲಿಸಬೇಕು. ಮಿಂಚು, ದುಡಿಮೆ ಎರಡಕ್ಕೂ ಮಾರ್ಕ್ಸ್ ಸಿಗುತ್ತೆ. ನಾವೂ ಇದನ್ನ ಎಕ್ಸೆಲ್ ಶೀಟಲ್ಲಿ ಹಾಕ್ಕೊಂಡ್ವಿ.

ಸುಮ್ನೆ "400 ಹೋಮ್ ರನ್ ಇದ್ರೆ ಪಾಸ್" ಅಂತ ಗೆರೆ ಎಳೆದ್ರೆ ಏನಾಗುತ್ತೆ ಅಂತ ನಮಗೆ ಮೊದಲೇ ಪಾಠ ಆಗಿತ್ತು. ಶುರುವಿನ ಸೀಸನ್‌ಗಳಲ್ಲಿ ಎಲ್ಲ ಪಂದ್ಯ 1-0, 2-1 ಅಂತ ಬೋರ್ ಹೊಡೀತಿತ್ತು. ಕಮಿಷನರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಇಡೀ ಲೀಗಿನ ರನ್ ಮಟ್ಟ ಏರಿಸಿದ. ಅದಾದ ಮೇಲೆ ಯಾವನು ಬ್ಯಾಟ್ ಹಿಡಿದ್ರೂ ಹೀರೋ. ಇದೇನು ಗೇಮಿನ ಮೋಸ ಅಲ್ಲ, ಅಸಲಿ ಬೇಸ್‌ಬಾಲಲ್ಲೂ ಆಗಿದೆ. ಅಲ್ಲಿ ಬ್ಯಾಟಿಂಗ್ ಸರಾಸರಿ 0.300 ಅಂದ್ರೆ ಹತ್ತು ಪ್ರಯತ್ನಕ್ಕೆ ಮೂರು ಹಿಟ್. 1930ರಲ್ಲಿ ನ್ಯಾಷನಲ್ ಲೀಗಿನ ಎಲ್ಲ ಆಟಗಾರರ ಒಟ್ಟು ಸರಾಸರಿಯೇ 0.303 ಇತ್ತು. 1968ರಲ್ಲಿ ಅಮೆರಿಕನ್ ಲೀಗಿನ ನಂಬರ್ ಒನ್ ಬ್ಯಾಟರ್ ಕಾರ್ಲ್ ಯಸ್ಟ್ರೆಮ್‌ಸ್ಕಿ ಸರಾಸರಿ 0.301. ಒಂದು ಕಾಲದ ಸಾಧಾರಣ ಆಟಗಾರ ಇನ್ನೊಂದು ಕಾಲದ ಚಾಂಪಿಯನ್! 1969ರಲ್ಲಿ ಅವರೂ ಸೆಟ್ಟಿಂಗ್ಸ್ ಬದಲಾಯಿಸಿದ್ರು: ಪಿಚರ್ ನಿಲ್ಲೋ ದಿಬ್ಬವನ್ನ 15 ಇಂಚಿನಿಂದ 10ಕ್ಕೆ ಇಳಿಸಿದ್ರು. ಹಾಗಾಗಿ ನಂಬರನ್ನ ಆ ಕಾಲದ ಸರಾಸರಿ ಪಕ್ಕ ಇಟ್ಟೇ ನೋಡಬೇಕು. ಕ್ಲಾಸ್ ಆವರೇಜ್ ಗೊತ್ತಿಲ್ಲದೆ ಬರೀ ಮಾರ್ಕ್ಸ್ ನೋಡಿ ಏನು ಹೇಳೋಕಾಗುತ್ತೆ?

ಇಷ್ಟಾದ್ರೂ ಜಗಳ ಬಗೆಹರೀಲಿಲ್ಲ. ಯಾಕಂದ್ರೆ ಪಿಚರ್‌ನ ಜಾಸ್ ಸರಿಯಾಗಿ ಗೆರೆ ಮೇಲೇ ಬಂತು. (ಇಂಥವು ಯಾವಾಗ್ಲೂ ಗೆರೆ ಮೇಲೇ ಬರುತ್ವೆ.) ಆ ಹೊತ್ತಿಗೆ ನಮಗೆ ಮ್ಯಾಥ್ಸ್‌ನಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್ ನಡೀತಿತ್ತು. ಕೊನೇ ಬೆಂಚಲ್ಲಿ ಕೂತು ಸುಮ್ನೆ ನಮ್ಮ ಓಟಿಂಗ್ ಲೆಕ್ಕ ಹಾಕಿ ನೋಡಿದೆ. ನಾವು ಆಟಗಾರನ ಬಗ್ಗೆ ಕಿತ್ತಾಡ್ತಿದ್ವಿ, ತೊಂದರೆ ಇದ್ದಿದ್ದು ಡಬ್ಬದಲ್ಲಿ.

ಒಬ್ಬ ಆಟಗಾರ ಇದ್ದಾನೆ, ಪ್ರತಿ ಓಟುದಾರ ಅವನಿಗೆ ಹೌದು ಅನ್ನೋ ಸಾಧ್ಯತೆ 0.7 ಅಂತ ಇಟ್ಕೊಳ್ಳಿ. ಅಂದ್ರೆ ನ್ಯಾಯವಾಗಿ ಅವನು 75ರ ಗೆರೆ ಕೆಳಗಿನವನು. ಕೂಪರ್ಸ್‌ಟೌನ್ ತರ ಸುಮಾರು 390 ಜನ ಓಟು ಹಾಕಿದ್ರೆ ಅವನು ಒಂದು ವರ್ಷದಲ್ಲಿ ಗೆರೆ ದಾಟೋ ಸಾಧ್ಯತೆ ಶೇಕಡ 2ಕ್ಕಿಂತ ಕಡಿಮೆ. ಅದೇ 12 ಜನ ಓಟು ಹಾಕಿದ್ರೆ? ಶೇಕಡ 49. ನಾಣ್ಯ ಚಿಮ್ಮಿದ ಹಾಗೆ. ಇನ್ನೂ ಕೆಳಗಿನವನನ್ನ ತಗೊಳ್ಳಿ, ಸಾಧ್ಯತೆ 0.6 ಇರೋನು. 12 ಜನರ ಲೀಗಲ್ಲಿ ಒಂದು ಸಲಕ್ಕೆ ಶೇಕಡ 23. ಕಡಿಮೆ ಅನ್ಸುತ್ತೆ ಅಲ್ವಾ? ಆದ್ರೆ ಅವನಿಗೆ ಹತ್ತು ಸಲ ಅವಕಾಶ ಇದೆ. ಹತ್ತರಲ್ಲಿ ಒಂದು ಸಲವಾದ್ರೂ ದಾಟೋ ಸಾಧ್ಯತೆ ಶೇಕಡ 92!

ಶೇಕಡ 5ರ ನಿಯಮ ಅಂತೂ ನಮ್ಮಲ್ಲಿ ತಮಾಷೆ. 390 ಜನರಲ್ಲಿ ಅದಕ್ಕೆ 20 ಓಟು ಬೇಕು. 12 ಜನರಲ್ಲಿ ಒಂದೇ ಓಟು ಅಂದ್ರೆ ಶೇಕಡ 8.3. ಆ ಒಂದು ಓಟನ್ನ ಅವನ ಓನರೇ ಹಾಕ್ತಾನೆ. ಹಾಗಾಗಿ ನಮ್ಮ ಪಟ್ಟಿಯಿಂದ ಯಾರೂ ಬೀಳೋದೇ ಇಲ್ಲ, ಹತ್ತು ಸೀಸನ್ ಜೋತಾಡ್ತಾ ಇರ್ತಾರೆ. ಫ್ಲೂಯಿಡ್ಸ್ ಲ್ಯಾಬಲ್ಲಿ ಹೇಳ್ತಾರಲ್ಲ, ಸಣ್ಣ ಮಾಡೆಲ್ ಮಾಡುವಾಗ ಬರೀ ಅಳತೆ ಕುಗ್ಗಿಸಿದ್ರೆ ಹರಿವು ಅದೇ ತರ ಇರಲ್ಲ ಅಂತ. ಇಲ್ಲಿ ಆಗಿದ್ದೂ ಅದೇ.

ನನ್ನ ಲೆಕ್ಕದಲ್ಲಿ ಒಂದು ಹುಳುಕಿದೆ, ರೂಮ್‌ಮೇಟ್ ತಕ್ಷಣ ಹಿಡಿದ. ಓಟುದಾರರು ಪ್ರತಿ ವರ್ಷ ಹೊಸದಾಗಿ ನಾಣ್ಯ ಚಿಮ್ಮೋದಿಲ್ಲ, ಹೋದ ಸಲ ಇಲ್ಲ ಅಂದವನು ಈ ಸಲವೂ ಸಾಮಾನ್ಯವಾಗಿ ಇಲ್ಲ ಅಂತಾನೆ. ಒಪ್ಪಿದೆ, 92 ಅನ್ನೋದು ಜಾಸ್ತಿಯೇ. ಆದ್ರೆ ಅಭಿಪ್ರಾಯ ಕಲ್ಲಿನ ಹಾಗೂ ಇರಲ್ಲ. ಲ್ಯಾರಿ ವಾಕರ್‌ಗೆ 2014ರಲ್ಲಿ ಬಂದಿದ್ದು ಶೇಕಡ 10.2, ಕೊನೇ ಅವಕಾಶವಾದ 2020ರಲ್ಲಿ ಬಂದಿದ್ದು 76.6. ಆ ಆರು ವರ್ಷದಲ್ಲಿ ವಾಕರ್ ಒಂದು ಬಾಲನ್ನೂ ಆಡಿಲ್ಲ.

ಸಣ್ಣ ಗುಂಪಿನ ಓಟಿಂಗ್ ಅಸಲಿಯಲ್ಲೂ ಇದೆ. ಪತ್ರಕರ್ತರ ಪಟ್ಟಿಯಿಂದ ಬಿದ್ದವರನ್ನ ಮತ್ತೆ ನೋಡೋಕೆ 16 ಜನರ ಸಮಿತಿ ಇರುತ್ತೆ, ಅಲ್ಲೂ 75, ಅಂದ್ರೆ 12 ಓಟು. ಹೆರಾಲ್ಡ್ ಬೇನ್ಸ್ ಒಳ್ಳೇ ಬ್ಯಾಟರ್, 2866 ಹಿಟ್ ಅಂದ್ರೆ ಹುಡುಗಾಟ ಅಲ್ಲ. ಆದ್ರೆ ಪತ್ರಕರ್ತರಿಂದ ಅವನಿಗೆ ಅತಿ ಹೆಚ್ಚು ಅಂದ್ರೆ ಬಂದಿದ್ದು ಶೇಕಡ 6.1. ಆಮೇಲೆ ಆ ಸಮಿತಿ ಮುಂದೆ ಹೆಸರು ಬಂತು, ಸರಿಯಾಗಿ 12 ಓಟು ಸಿಕ್ತು, 2019ರಲ್ಲಿ ಹಾಲ್ ಸೇರಿದ. ಆ ಸಮಿತಿಯಲ್ಲಿ ಅವನ ಹಳೇ ಮ್ಯಾನೇಜರ್ ಟೋನಿ ಲಾ ರುಸ್ಸಾ ಇದ್ರು, ಅವನು ಆಡಿದ ಶಿಕಾಗೋ ವೈಟ್ ಸಾಕ್ಸ್ ತಂಡದ ಒಡೆಯ ಜೆರ್ರಿ ರೈನ್ಸ್‌ಡಾರ್ಫ್ ಕೂಡ ಇದ್ರು. ಯಾರು ಯಾರಿಗೆ ಹಾಕಿದ್ರು ಅನ್ನೋದು ಗುಟ್ಟು, ನಾನು ಯಾರ ಮೇಲೂ ಆರೋಪ ಹೊರಿಸ್ತಿಲ್ಲ. ಆದ್ರೆ ನಮ್ಮ ಲೀಗಲ್ಲಿ ಹನ್ನೆರಡಕ್ಕೆ ಹನ್ನೆರಡೂ ಜನ ರೈನ್ಸ್‌ಡಾರ್ಫ್‌ಗಳೇ.

ಇನ್ನೊಂದು ವಾದ ನಮ್ಮಂಥ ಲೀಗಲ್ಲಿ ಮಾತ್ರ ಬರೋದು. ಕಮಿಷನರ್ ಬೇಕಿದ್ರೆ ಆಟಗಾರನ ಒಳಗಿನ ಅಸಲಿ ರೇಟಿಂಗನ್ನೇ ತೆಗೆದು ನೋಡಬಹುದು. "ಅದನ್ನೇ ನೋಡಿಬಿಡೋಣ ಗುರೂ, ಓಟು ಯಾಕೆ?" ಅಂತ ಒಬ್ಬ ಕೇಳಿದ. ಕೋಫ್ಯಾಕ್ಸ್ ಎಷ್ಟು ಒಳ್ಳೆಯವನು, ಎಷ್ಟು ಅದೃಷ್ಟವಂತ ಅಂತ ಯಾರಿಗೂ ಪೂರ್ತಿ ಗೊತ್ತಾಗಲ್ಲ. ನಮಗೆ ಒಂದು ಕ್ಲಿಕ್ಕಲ್ಲಿ ಗೊತ್ತಾಗುತ್ತೆ. ನಾನು ಇದಕ್ಕೆ ಕಡ್ಡಾಯವಾಗಿ ವಿರೋಧ. ಫೈನಲ್ ದಿನ ರಾತ್ರಿ ಎರಡು ಗಂಟೆಗೆ ಹನ್ನೆರಡು ಜನ ಒಂದು ಮಂಚದ ಮೇಲೆ ಕೂತು ನೋಡಿದ್ದು ರೇಟಿಂಗ್ ಅಲ್ಲ, ಆ ಪಿಚರ್ ಒಬ್ಬೊಬ್ಬರನ್ನೇ ಔಟ್ ಮಾಡಿದ್ದನ್ನ. ದಾಳ ಅವನ ಕಡೆ ಬಿತ್ತು ಅಂದ್ರೂ ಬಿದ್ದಿದ್ದು ಬಿದ್ದಿದ್ದೇ. ಫೈಲ್ ತೆರೆದು "ಅವನು ಅಷ್ಟೇನೂ ಒಳ್ಳೆಯವನಲ್ಲ" ಅಂತ ಹೇಳೋದು, ಪಾಸಾದವನಿಗೆ ಐಕ್ಯೂ ಟೆಸ್ಟ್ ಮಾಡಿ ಸರ್ಟಿಫಿಕೇಟ್ ವಾಪಸ್ ಕೇಳಿದ ಹಾಗೆ. ಓಟಿಗೆ ಹಾಕಿದ್ವಿ, ರೇಟಿಂಗ್ ಪ್ರಸ್ತಾಪ ಬಿದ್ದೋಯ್ತು.

ಕೊನೆಗೆ ಎರಡೇ ಬದಲಾವಣೆ ಮಾಡಿದ್ವಿ. ಒಂದು, ತನ್ನ ತಂಡದಲ್ಲಿ ಆಡಿದವನಿಗೆ ಓನರ್ ಓಟು ಹಾಕೋ ಹಾಗಿಲ್ಲ. ಎರಡು, ಹತ್ತು ಅವಕಾಶದ ಬದಲು ಮೂರು. ಬೇಕಾದ ಓಟು ಅದೇ 9, ಆದ್ರೆ ಈಗ 11ರಲ್ಲಿ 9. ಮತ್ತೆ ಲೆಕ್ಕ ಹಾಕಿದೆ. 0.6ರವನು ಮೂರು ಅವಕಾಶದಲ್ಲಿ ಒಳಗೆ ನುಸುಳೋ ಸಾಧ್ಯತೆ 92ರಿಂದ ಸುಮಾರು 32ಕ್ಕೆ ಇಳೀತು. 0.9 ಇರೋ ನಿಜವಾದ ದೊಡ್ಡ ಆಟಗಾರನಿಗೆ ಏನೂ ತೊಂದರೆ ಆಗಲಿಲ್ಲ, ಅವನು 99.9. ಒಂದಕ್ಕಿಂತ ಹೆಚ್ಚು ತಂಡದಲ್ಲಿ ಆಡಿದವನಿಗೆ ಏನು ಮಾಡೋದು ಅಂತ ಇನ್ನೂ ಚರ್ಚೆ ನಡೀತಿದೆ, ಸದ್ಯಕ್ಕೆ ಹೆಚ್ಚು ಸೀಸನ್ ಆಡಿಸಿದ ಓನರ್ ಮಾತ್ರ ಹೊರಗೆ.

ತಮಾಷೆ ಅಂದ್ರೆ ಈ ನಿಯಮದಿಂದ ಪಕ್ಕದ ರೂಮಿನವನಿಗೇ ನಷ್ಟ. ಅವನ ಪಿಚರ್‌ಗೆ ಈಗ ಲೆಕ್ಕಕ್ಕೆ ಇರೋದು ಏಳು ಓಟು, ಇನ್ನೆರಡು ಬೇಕು. ಆದ್ರೂ ಅವನು ನಿಯಮದ ಪರ ಕೈ ಎತ್ತಿದ. ಯಾಕೋ ಅಂದ್ರೆ, "ನನ್ನ ಓಟಿಂದ ಒಳಗೆ ಹೋದ್ರೆ ನೀವೆಲ್ಲ ಜೀವನಪೂರ್ತಿ ಅದನ್ನೇ ಹೇಳ್ತೀರ" ಅಂದ. ರೂಮ್‌ಮೇಟ್ ಅವತ್ತು ರಾತ್ರಿ ಅವನಿಗೆ ಮ್ಯಾಗಿ ಮಾಡಿಕೊಟ್ಟ, ಮಾತು ಶುರುವಾಯ್ತು. ಓಟು ಮಾತ್ರ ಹಾಕ್ತೀನಿ ಅಂತ ಹೇಳಿಲ್ಲ.

ಎರಡನೇ ಓಟಿಂಗ್ ಮುಂದಿನ ಶನಿವಾರ. ಮೊದಲ ಸಲ ನಾನೂ 'ಇಲ್ಲ' ಅಂತಲೇ ಹಾಕಿದ್ದೆ, ಅವನಿಗೆ ಇನ್ನೂ ಗೊತ್ತಿಲ್ಲ. ಈ ಸಲ ಎಕ್ಸೆಲ್ ಶೀಟಿನ ಪಕ್ಕ ಸಂಟಾನನ 2.4 ಕಣ್ಣಿಗೆ ಬೀಳ್ತಾ ಇದೆ. 'ಹೌದು' ಅಂತ ಹಾಕ್ತೀನಿ. ಇನ್ನೊಂದು ಓಟು ಅವನೇ ಹುಡುಕಿಕೊಳ್ಳಲಿ.