ಕ್ರಿಯಾಟಿನ್: ಸ್ವರೂಪ, ಉಪಯೋಗ ಹಾಗೂ ರಕ್ತಪರೀಕ್ಷೆಗೆ ಒಳಪಡುವವರು ಗಮನಿಸಬೇಕಾದ ಅಂಶಗಳು

ವ್ಯಾಯಾಮಶಾಲೆಗೆ ಹೋಗುವ ಯುವಜನರಲ್ಲಿ ಹಲವರು ಕ್ರಿಯಾಟಿನ್ ಪುಡಿಯನ್ನು ಸೇವಿಸುತ್ತಾರೆ. ವೈದ್ಯಕೀಯ ಅರ್ಹತಾ ಪ್ರಮಾಣಪತ್ರ ಅಥವಾ ಜೀವವಿಮೆಗಾಗಿ ರಕ್ತಪರೀಕ್ಷೆ ಮಾಡಿಸಿದಾಗ ವರದಿಯಲ್ಲಿ ‘ಕ್ರಿಯಾಟಿನೈನ್’ ಎಂಬ ಹೆಸರು ಕಂಡುಬರುತ್ತದೆ. ಇವೆರಡೂ ಬೇರೆ ಬೇರೆ ವಸ್ತುಗಳಾಗಿದ್ದು, ಇವುಗಳ ನಡುವಿನ ಸಂಬಂಧವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕ್ರಿಯಾಟಿನ್ ಎಂದರೇನು?

ಕ್ರಿಯಾಟಿನ್ ಇಂಗಾಲ, ಜಲಜನಕ, ಸಾರಜನಕ ಮತ್ತು ಆಮ್ಲಜನಕಗಳಿಂದ ಕೂಡಿದ ಸಾವಯವ ಸಂಯುಕ್ತವಾಗಿದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಷೆವ್ರಲ್ 1832ರಲ್ಲಿ ಇದನ್ನು ಮಾಂಸದಿಂದ ಬೇರ್ಪಡಿಸಿದರು. ಮಾಂಸ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ.

ಮಾನವ ದೇಹವು ಗ್ಲೈಸೀನ್, ಆರ್ಜಿನೀನ್ ಮತ್ತು ಮೀಥಿಯೋನೀನ್ ಎಂಬ ಅಮೈನೋ ಆಮ್ಲಗಳನ್ನು ಬಳಸಿ, ಮುಖ್ಯವಾಗಿ ಮೂತ್ರಪಿಂಡ ಹಾಗೂ ಯಕೃತ್ತಿನಲ್ಲಿ ಇದನ್ನು ತಯಾರಿಸಿಕೊಳ್ಳುತ್ತದೆ. ದೇಹದಲ್ಲಿರುವ ಕ್ರಿಯಾಟಿನ್‌ನ ಸುಮಾರು ಶೇ. 95ರಷ್ಟು ಭಾಗ ಸ್ನಾಯುಗಳಲ್ಲಿರುತ್ತದೆ. ಮಾಂಸ ಮತ್ತು ಮೀನಿನಿಂದಲೂ ಇದು ದೊರೆಯುತ್ತದೆ. ಸಸ್ಯಜನ್ಯ ಆಹಾರದಲ್ಲಿ ಇದು ಬಹುತೇಕ ಇರುವುದಿಲ್ಲವಾದ್ದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಸ್ವಲ್ಪ ಕಡಿಮೆಯಿರುತ್ತದೆ.

ಕಾರ್ಯ ಮತ್ತು ಉಪಯೋಗ

ಸ್ನಾಯುಗಳಲ್ಲಿ ಕ್ರಿಯಾಟಿನ್‌ನ ಬಹುಭಾಗ ಫಾಸ್ಫೋಕ್ರಿಯಾಟಿನ್ ರೂಪದಲ್ಲಿರುತ್ತದೆ. ಭಾರ ಎತ್ತುವಾಗ ಅಥವಾ ವೇಗವಾಗಿ ಓಡುವಾಗ ಶಕ್ತಿ ನೀಡುವ ಎಟಿಪಿ ಎಂಬ ವಸ್ತು ಕ್ಷಣಗಳಲ್ಲಿ ವ್ಯಯವಾಗುತ್ತದೆ. ಫಾಸ್ಫೋಕ್ರಿಯಾಟಿನ್ ಅದನ್ನು ಒಡನೆಯೇ ಮರುಪೂರಣ ಮಾಡುತ್ತದೆ. ಫಾಸ್ಫೋಕ್ರಿಯಾಟಿನ್ ಇರುವಿಕೆಯನ್ನು ಭಾರತೀಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರು ಸೈರಸ್ ಫಿಸ್ಕೆ ಅವರೊಡನೆ ಅಮೆರಿಕದ ಹಾರ್ವರ್ಡ್‌ನಲ್ಲಿ 1927ರಲ್ಲಿ ತಿಳಿಯಪಡಿಸಿದರು.

ಈ ಕಾರಣದಿಂದ ಅಲ್ಪಾವಧಿಯ ತೀವ್ರ ಶ್ರಮದ ವ್ಯಾಯಾಮಗಳಿಗೆ ಇದು ಸಹಕಾರಿಯಾಗಿದೆ. ದೀರ್ಘದೂರದ ಓಟಕ್ಕೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸಾಮಾನ್ಯವಾಗಿ ದಿನಕ್ಕೆ 3ರಿಂದ 5 ಗ್ರಾಂ ಬಳಸಲಾಗುತ್ತದೆ. ದೇಹದಲ್ಲಿ ಕ್ರಿಯಾಟಿನ್ ತಯಾರಾಗದ ಕೆಲವು ವಿರಳ ಅನುವಂಶೀಯ ಕಾಯಿಲೆಗಳಲ್ಲಿ ಇದನ್ನು ಚಿಕಿತ್ಸೆಯಾಗಿಯೂ ನೀಡಲಾಗುತ್ತದೆ.

ರಕ್ತಪರೀಕ್ಷೆಯ ವರದಿಯಲ್ಲಿ ಏರುಪೇರು

ಕ್ರಿಯಾಟಿನ್ ಪ್ರತಿದಿನ ಅಲ್ಪ ಪ್ರಮಾಣದಲ್ಲಿ ಕ್ರಿಯಾಟಿನೈನ್ ಆಗಿ ಮಾರ್ಪಟ್ಟು ಮೂತ್ರದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡದ ಕಾರ್ಯವು ಕುಂದಿದಾಗ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಆದರೆ ಕ್ರಿಯಾಟಿನ್ ಪುಡಿ ಸೇವಿಸುವವರಲ್ಲಿ ಮೂತ್ರಪಿಂಡ ಆರೋಗ್ಯವಾಗಿದ್ದರೂ ಈ ಪ್ರಮಾಣ ತುಸು ಹೆಚ್ಚಾಗಿ ಕಾಣಬಹುದು. ಹಾಗೆಂದು ಏರಿಕೆಗೆ ಪುಡಿಯೇ ಕಾರಣವೆಂದು ತಾವಾಗಿಯೇ ತೀರ್ಮಾನಿಸುವುದು ಅಪಾಯಕರ. ನಿಜವಾದ ಕಾಯಿಲೆಯೂ ಇರಬಹುದು. ಆದುದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ:

1. ಕ್ರಿಯಾಟಿನ್ ಸೇವನೆಯ ಪ್ರಮಾಣ ಮತ್ತು ಅವಧಿಯನ್ನು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಬೇಕು.
2. ಪರೀಕ್ಷೆಯ ಹಿಂದಿನ ದಿನ ಕಠಿಣ ವ್ಯಾಯಾಮ ಹಾಗೂ ಅತಿಯಾದ ಮಾಂಸಾಹಾರವನ್ನು ತಪ್ಪಿಸಬೇಕು.
3. ಸಂದೇಹವಿದ್ದಲ್ಲಿ ವೈದ್ಯರು ಸೇವನೆ ನಿಲ್ಲಿಸಿ ಕೆಲವು ವಾರಗಳ ನಂತರ ಮರುಪರೀಕ್ಷೆಯನ್ನು ಅಥವಾ ಸಿಸ್ಟಾಟಿನ್-ಸಿ ಪರೀಕ್ಷೆಯನ್ನು ಸೂಚಿಸಬಹುದು.
4. ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹಾಗೂ 18 ವರ್ಷದೊಳಗಿನವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

ಖರೀದಿಸುವಾಗ

ಡಬ್ಬಿಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ ಮತ್ತು ಬಳಕೆಯ ಅವಧಿಯನ್ನು ಪರಿಶೀಲಿಸಿ, ರಸೀದಿ ಪಡೆಯಬೇಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಕಲಮಿನಂತೆ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದಾಗಿದೆ. ಈ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸಿರಬೇಕು. ಪದಾರ್ಥವು ಕಾಯ್ದೆಗೆ ವಿರುದ್ಧವಾಗಿದೆಯೆಂದು ವರದಿ ಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ. ಕಲಬೆರಕೆಯ ಕುರಿತಾದ ದೂರುಗಳನ್ನು ರಸೀದಿ ಹಾಗೂ ಡಬ್ಬಿಯ ಸಮೇತ ಆಯಾ ಪ್ರದೇಶದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಸಲ್ಲಿಸಬಹುದು.